ಸೈಕಲ್ಲೂ ಗಾಡಿಯೇ ಸ್ವಾಮಿ

ಮಾನ್ಯ ಸಂಪಾದಕರೇ,

"ಇದು ಗಾಡಿ ನಿಲ್ಸೋ ಜಾಗ ಸಾರ್, ಸೈಕಲ್ ಆಚೆ ತಗೊಳ್ಳಿ."

ಕಳೆದ ಸೋಮವಾರ ಬೆಳಿಗ್ಗೆ ಆರು ಗಂಟೆಗೆ ಬೆಂಗಳೂರಿನ ಒಂದು ದೊಡ್ಡ ರೈಲ್ವೆ ಸ್ಟೇಷನ್ನಿನ ಪಾರ್ಕಿಂಗ್ ಗೇಟಿನಲ್ಲಿ ನಾನು ಕೇಳಿಸಿಕೊಂಡ ಮಾತು ಇದು. ಹೇಳಿದವನು ಇಪ್ಪತ್ತು ಇಪ್ಪತ್ತೆರಡು ವರ್ಷದ ಹುಡುಗ. ಕೈಯಲ್ಲಿ ಚೀಟಿ ಹರಿಯುವ ಪುಟ್ಟ ಮಷಿನ್ನು, ತಲೆಗೆ ಮಂಕಿ ಕ್ಯಾಪ್. ರೈಲಿಗೆ ಇನ್ನು ಹದಿನಾಲ್ಕು ನಿಮಿಷ ಇತ್ತು. ಸೈಕಲ್ಲೂ ಗಾಡಿನೇ ಅಲ್ವೇನಪ್ಪಾ ಅಂದೆ. ಅವನು ನಕ್ಕ. ಕೆಟ್ಟ ನಗು ಅಲ್ಲ, ಜೋಕು ಕೇಳಿದವರು ನಗುವ ಹಾಗೆ ನಕ್ಕ. ನನಗೆ ಅದೇ ಜಾಸ್ತಿ ಚುಚ್ಚಿತು.

ಸ್ಟೇಷನ್ ಹೆಸರು ಬರೆಯುತ್ತಿಲ್ಲ. ಬರೆದರೆ ಏನಾಗುತ್ತದೆ ಅಂತ ಗೊತ್ತು. ಆ ಹುಡುಗನನ್ನು ತೆಗೆದು ಇನ್ನೊಬ್ಬನನ್ನು ನಿಲ್ಲಿಸುತ್ತಾರೆ, ಸೈಕಲ್ ಮಾತ್ರ ಆಚೆಯೇ ಇರುತ್ತದೆ.

ನನಗೆ 52 ವರ್ಷ. ಮನೆ ಬೆಂಗಳೂರು, ಕೆಲಸ ಚನ್ನಪಟ್ಟಣ. ಲೋಕವೆಲ್ಲ ಬೆಳಿಗ್ಗೆ ಆ ಕಡೆಯಿಂದ ಈ ಕಡೆಗೆ ಬಂದರೆ ನಾನು ಈ ಕಡೆಯಿಂದ ಆ ಕಡೆಗೆ ಹೋಗುತ್ತೇನೆ, ಹಾಗಾಗಿ ರೈಲಿನಲ್ಲಿ ಕೂರಲು ಸೀಟು ಸಿಗುತ್ತದೆ, ಅದೊಂದು ಪುಣ್ಯ. ಕಷ್ಟ ಇರುವುದು ಮನೆಯಿಂದ ಸ್ಟೇಷನ್ನಿನ ತನಕದ 4 ಕಿ.ಮೀ.ನಲ್ಲಿ. ಮೊದಲು ಆಟೋದಲ್ಲಿ ಹೋಗುತ್ತಿದ್ದೆ. 2025ರ ಆಗಸ್ಟಿನಿಂದ ಬೆಂಗಳೂರಿನ ಆಟೋಗೆ ಮೊದಲ 2 ಕಿ.ಮೀ.ಗೆ 36 ರೂಪಾಯಿ, ಆಮೇಲೆ ಕಿ.ಮೀ.ಗೆ 18. ನನ್ನ ದೂರಕ್ಕೆ 72, ಹೋಗಿ ಬರಲು 144, ತಿಂಗಳಿಗೆ 24 ದಿನ ಹಿಡಿದರೆ 3,456 ರೂಪಾಯಿ. ಇದು ಮೀಟರ್ ಹಾಕಿದರೆ. "ಮೀಟರ್ ಹಾಕಿದರೆ" ಅನ್ನುವಲ್ಲಿ ಬೆಂಗಳೂರಿನ ಓದುಗರು ಒಂದು ನಿಮಿಷ ನಿಲ್ಲಿಸಿ ನಕ್ಕು ಮುಂದೆ ಓದಲಿ. ಐವತ್ತು ಚಿಲ್ಲರೆ ಕಿ.ಮೀ. ಓಡುವ ರೈಲಿನ ತಿಂಗಳ ಪಾಸು ಈ ದುಡ್ಡಿನ ಮುಂದೆ ಯಾವ ಲೆಕ್ಕಕ್ಕೂ ಇಲ್ಲ. ಇನ್ನು ಬಸ್ಸು. ಅಷ್ಟು ಹೊತ್ತಿಗೆ ನಮ್ಮ ಏರಿಯಾದಲ್ಲಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನನ್ನ ಹೆಂಡತಿಗೆ ಶಕ್ತಿ ಯೋಜನೆ ಇದೆ, ಹಾಗಾಗಿ "ಬಸ್ಸಲ್ಲಿ ಹೋಗಬಾರದಾ" ಅನ್ನುವುದು ಅವಳಿಗೆ ಸುಲಭ.

ಕೊನೆಗೆ ಮೆಟ್ಟಿಲ ಕೆಳಗೆ ಬಿದ್ದಿದ್ದ ಸೈಕಲ್ ಕಣ್ಣಿಗೆ ಬಿತ್ತು. ಮಗಳು ಪಿಯುಸಿ ತನಕ ಓಡಿಸಿ ಬಿಟ್ಟದ್ದು. ಎರಡೂ ಟಯರು, ಟ್ಯೂಬು, ಬ್ರೇಕ್ ರಬ್ಬರ್ ಬದಲಾಯಿಸಿ, ಚೈನಿಗೆ ಎಣ್ಣೆ ಬಿಡಿಸಿದೆ. ಮೊದಲ ದಿನ ಸ್ಟೇಷನ್ ಮುಟ್ಟಲು 26 ನಿಮಿಷ ಬೇಕಾಯಿತು, ಈಗ 18 ಸಾಕು. ಬೆಳಗಿನ ಐದೂವರೆಯ ಬೆಂಗಳೂರನ್ನು ಸೈಕಲ್ ಮೇಲಿಂದ ನೋಡಿದ್ದೀರಾ? ಹಾಲಿನ ಗಾಡಿಗಳು, ಹೂವಿನ ಮೂಟೆ, ದರ್ಶಿನಿಯ ಮೊದಲ ಇಡ್ಲಿ ಹಬೆ, ಸಿಗ್ನಲ್ಲಿನಲ್ಲಿ ಯಾರೂ ಹಾರ್ನ್ ಹೊಡೆಯುವುದಿಲ್ಲ. ಊರು ಇನ್ನೂ ಊರಿನ ಹಾಗೇ ಇದೆ ಅನ್ನಿಸುತ್ತದೆ. ನನ್ನ ಶುಗರ್ ಕೂಡ ಸ್ವಲ್ಪ ಮಾತು ಕೇಳುತ್ತಿದೆ. ಇಷ್ಟೆಲ್ಲ ಸುಖ ಪಟ್ಟು ಸ್ಟೇಷನ್ ಗೇಟಿಗೆ ಬಂದರೆ, ಅಲ್ಲಿಂದ ಶುರು.

ಮೊದಲ ವಾರ ಕಾಂಪೌಂಡಿನ ಕಂಬಿಗೆ ಬೀಗ ಹಾಕಿದೆ. ಯೂನಿಫಾರ್ಮಿನವರೊಬ್ಬರು ಬಂದು ಭದ್ರತೆ ವಿಷಯ, ಇಲ್ಲಿ ಕಟ್ಟಬೇಡಿ ಅಂದರು. ಅವರ ಮಾತಿನಲ್ಲಿ ನ್ಯಾಯ ಇತ್ತು, ಬಾಯಿ ಮುಚ್ಚಿಕೊಂಡು ಬಂದೆ. ಆಮೇಲೆ ದುಡ್ಡು ಕೊಟ್ಟು ನಿಲ್ಲಿಸುವ ಪಾರ್ಕಿಂಗಿಗೇ ಹೋದೆ. ಆಗ ಇದ್ದವರು ಒಳಗೆ ಬಿಡುತ್ತಿದ್ದರು, ಬೈಕುಗಳ ಕೊನೆಯ ಸಾಲಿನ ಹಿಂದೆ, ಗೋಡೆಗೆ ಒರಗಿಸಿ. ಸಂಜೆ ಬಂದು ನೋಡಿದರೆ ನಾಲ್ಕು ಬೈಕು ಅಡ್ಡ. ಒಂದೊಂದನ್ನೂ ಹ್ಯಾಂಡಲ್ ಹಿಡಿದು ಸರಿಸಿ, ಮೇಲೆತ್ತಿ, ಪ್ಯಾಂಟಿಗೆ ಗ್ರೀಸ್ ಮೆತ್ತಿಸಿಕೊಂಡು ಹೊರಗೆ ತರಬೇಕು. ಎರಡು ತಿಂಗಳು ಹಾಗೇ ನಡೆಯಿತು. ಮೂರನೇ ತಿಂಗಳಲ್ಲಿ ಒಂದು ಸಂಜೆ ಸೈಕಲ್ ಇತ್ತು, ಸೀಟು ಇರಲಿಲ್ಲ. ಬರೀ ಕಬ್ಬಿಣದ ಕೊಳವೆ ಆಕಾಶ ನೋಡುತ್ತಿತ್ತು. ಚೀಟಿ ತೋರಿಸಿ ಕೇಳಿದರೆ ಚೀಟಿಯ ಹಿಂದೆ ಅಚ್ಚು ಹಾಕಿದ್ದನ್ನು ಓದಿ ಅಂದರು. ಬೆಲೆಬಾಳುವ ವಸ್ತುಗಳಿಗೆ ಮಾಲೀಕರೇ ಜವಾಬ್ದಾರರು. ಸೈಕಲ್ಲಿನ ಸೀಟು ಬೆಲೆಬಾಳುವ ವಸ್ತು ಅಂತ ನನಗೆ ಅವತ್ತೇ ಗೊತ್ತಾಗಿದ್ದು, ಯಾಕೆಂದರೆ ನಾಲ್ಕು ಕಿಲೋಮೀಟರ್ ನಿಂತುಕೊಂಡೇ ತುಳಿದು ಮನೆ ಸೇರಿದೆ. ಮಗಳು ವಿಡಿಯೊ ಮಾಡಿಕೊಂಡಳು.

ಫೋನಿನಲ್ಲಿ ದೂರು ಕೊಟ್ಟೆ. ಗುತ್ತಿಗೆದಾರರನ್ನು ಸಂಪರ್ಕಿಸಿ ಅಂತ ಉತ್ತರ ಬಂತು. ಗುತ್ತಿಗೆದಾರರು ಯಾರು, ಎಲ್ಲಿರುತ್ತಾರೆ ಅಂತ ಬೂತಿನಲ್ಲಿ ಕೇಳಿದರೆ ಅಣ್ಣ ಸಂಜೆ ಬರ್ತಾರೆ ಅಂದರು. ಆ ಅಣ್ಣ ಬರುವ ಸಂಜೆ ಇನ್ನೂ ಬಂದಿಲ್ಲ. ಈ ನಡುವೆ ಪಾರ್ಕಿಂಗಿನಲ್ಲಿ ಜನ ಬದಲಾದರು, ಹೊಸಬರು ಸೈಕಲ್ಲೇ ಬೇಡ ಅಂದರು. ಸೋಮವಾರ ಆಗಿದ್ದು ಅದೇ. ಈಗ ಸ್ಟೇಷನ್ ಹೊರಗೆ ಹೂ ಕಟ್ಟುವ ಅಕ್ಕನ ಗೂಡಂಗಡಿಯ ಹಿಂದೆ ನಿಲ್ಲಿಸುತ್ತಿದ್ದೇನೆ. ಅವರು ದುಡ್ಡು ತೆಗೆದುಕೊಳ್ಳುವುದಿಲ್ಲ. ಅದಕ್ಕೇ ದಿನಾ ಒಂದು ಮೊಳ ಹೂ ತರುತ್ತಿದ್ದೇನೆ, ಹೆಂಡತಿಗೆ ಇದರ ಹಿಂದಿನ ಕಥೆ ಹೇಳಿಲ್ಲ, ಈ ಪತ್ರ ಅಚ್ಚಾದರೆ ಗೊತ್ತಾಗುತ್ತದೆ.

ಇಷ್ಟು ನನ್ನ ಕಥೆ. ಆದರೆ ನಾನು ಬರೆಯಲು ಕೂತಿದ್ದು ಆ ಹುಡುಗನ "ಗಾಡಿ" ಅನ್ನುವ ಮಾತಿನ ಬಗ್ಗೆ.

ಯೋಚನೆ ಮಾಡಿ ನೋಡಿ, ಗಾಡಿ ಅಂದರೆ ಈಗ ನಮಗೆ ಏನು? ಎತ್ತಿನದ್ದಲ್ಲ, ಕುದುರೆಯದ್ದಲ್ಲ. ಸ್ಕೂಟರ್ರು, ಬೈಕು. "ಗಾಡಿಲಿ ಬಂದ್ಯಾ?" ಅಂದರೆ ಪೆಟ್ರೋಲಿನದ್ದರಲ್ಲಿ ಬಂದ್ಯಾ ಅಂತಲೇ ಅರ್ಥ. ಸೈಕಲ್ಲಿನಲ್ಲಿ ಬಂದವನು "ಇಲ್ಲ, ಸೈಕಲ್" ಅನ್ನುತ್ತಾನೆ, ಅದೂ ಸ್ವಲ್ಪ ಸಣ್ಣ ದನಿಯಲ್ಲಿ. ಮಾತಿನಲ್ಲಿ ಆಗಿರುವುದೇ ಕಾಗದದಲ್ಲೂ ಆಗಿದೆ. ಸರ್ಕಾರಿ ಕಾಗದದಲ್ಲಿ "ದ್ವಿಚಕ್ರ ವಾಹನ" ಅಂತ ಬರೆಯುತ್ತಾರೆ. ಸೈಕಲ್ಲಿಗೂ ಎರಡೇ ಚಕ್ರ, ಎಣಿಸಿ ನೋಡಿದ್ದೇನೆ. ಆದರೆ ಆ ಪದ ಓದಿ ಯಾರ ಕಣ್ಣ ಮುಂದೆಯೂ ಸೈಕಲ್ ಬರುವುದಿಲ್ಲ.

ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ತೆಗೆದುಕೊಳ್ಳಿ. 2022ರ ಜೂನಿನಲ್ಲಿ ಅಲ್ಲಿಂದ ರೈಲು ಓಡಲು ಶುರುವಾಯಿತು. 7 ಪ್ಲಾಟ್‌ಫಾರಂ, ಪೂರ್ತಿ ಎ.ಸಿ., ವಿಮಾನ ನಿಲ್ದಾಣದ ಹಾಗಿದೆ ಅಂತ ಎಲ್ಲರೂ ಹೊಗಳಿದರು, ಹೊಗಳುವ ಹಾಗೇ ಇದೆ. ಆಗ ಪತ್ರಿಕೆಗಳಲ್ಲಿ ಪಾರ್ಕಿಂಗ್ ಲೆಕ್ಕವೂ ಬಂದಿತ್ತು: 250 ಕಾರು, 900 ದ್ವಿಚಕ್ರ ವಾಹನ, 50 ಆಟೋ, 20 ಟ್ಯಾಕ್ಸಿ, 5 ಬಸ್ಸು. ಇಷ್ಟು ಚೊಕ್ಕವಾಗಿ ಟ್ಯಾಕ್ಸಿಗೆ ಬೇರೆ, ಆಟೋಗೆ ಬೇರೆ ಅಂತ ಎಣಿಸಿದ ಪಟ್ಟಿಯಲ್ಲಿ ಸೈಕಲ್ಲಿಗೆ ಅಂತ ಒಂದು ಅಂಕಿ ನನಗೆ ಕಾಣಲಿಲ್ಲ. ಯಾರೂ ಸೈಕಲ್ ಬೇಡ ಅಂತ ತೀರ್ಮಾನ ಮಾಡಿರಲಿಕ್ಕಿಲ್ಲ. ನೆನಪೇ ಆಗಿರಲಿಕ್ಕಿಲ್ಲ.

ಹಿಂದೆ ಹೀಗಿರಲಿಲ್ಲ. ನಮ್ಮ ಅಪ್ಪ ಹಾಸನದ ಕಡೆ ಒಂದು ಊರಿನಲ್ಲಿ ಮೇಷ್ಟ್ರಾಗಿದ್ದರು. ಅವರ ಸೈಕಲ್ಲಿಗೆ ಪುರಸಭೆಯ ತಗಡಿನ ಲೈಸೆನ್ಸ್ ಬಿಲ್ಲೆ ಇತ್ತು, ವರ್ಷಕ್ಕೊಂದು ಸಲ ದುಡ್ಡು ಕಟ್ಟಬೇಕಿತ್ತು. ಡೈನಮೊ ದೀಪ ಉರಿಯದಿದ್ದರೆ, ಡಬಲ್ ರೈಡ್ ಹೋದರೆ ಪೊಲೀಸರು ಹಿಡಿದು ಚಕ್ರದ ಗಾಳಿ ಬಿಡುತ್ತಿದ್ದರು. ತೊಂದರೆಯೇ, ಇಲ್ಲ ಅನ್ನುವುದಿಲ್ಲ. ಆದರೆ ದಂಡ ಹಾಕುವಷ್ಟಾದರೂ ಸೈಕಲ್ಲಿಗೆ ಬೆಲೆ ಇತ್ತು ಅಲ್ವಾ? ಟಾಕೀಸು, ಆಸ್ಪತ್ರೆ, ಸಂತೆ, ರೈಲ್ವೆ ಸ್ಟೇಷನ್, ಎಲ್ಲ ಕಡೆ ಸೈಕಲ್ ಸ್ಟ್ಯಾಂಡ್. ಅದಕ್ಕೆ ಹೆಸರೇ ಸೈಕಲ್ ಸ್ಟ್ಯಾಂಡ್, ಪಾರ್ಕಿಂಗ್ ಅಲ್ಲ. ಸ್ಕೂಟರ್ ತಂದವರು ಅದರಲ್ಲಿ ಒಂದು ಮೂಲೆ ನೋಡಿಕೊಳ್ಳಬೇಕಿತ್ತು. ನಂಬರ್ ಹೊಡೆದ ಎರಡು ಬಿಲ್ಲೆ, ಒಂದು ಹ್ಯಾಂಡಲಿಗೆ, ಒಂದು ನಮ್ಮ ಜೇಬಿಗೆ. ಬಿಲ್ಲೆ ಕಳಕೊಂಡರೆ ಮುಗಿಯಿತು, ಸೆಕೆಂಡ್ ಶೋ ಬಿಟ್ಟ ಮೇಲೆ ಎಲ್ಲರ ಸೈಕಲ್ಲೂ ಹೋಗಿ ಕೊನೆಗೆ ಉಳಿದದ್ದು ನಿಮ್ಮದು. ನಾನು ಹಾಗೆ ಎರಡು ಸಲ ಕಾದಿದ್ದೇನೆ. ಸೀಟು ಮಾತ್ರ ಯಾವತ್ತೂ ಹೋಗಿರಲಿಲ್ಲ.

ಈಗ ಯಾಕೆ ಬೇಡವಾಯಿತು? ನಾನು ಮೊದಲು ಆ ಹುಡುಗನ ಮೇಲೆ ಸಿಟ್ಟು ಮಾಡಿಕೊಂಡಿದ್ದೆ, ಆಮೇಲೆ ರೈಲಿನಲ್ಲಿ ಕೂತು ಲೆಕ್ಕ ಹಾಕಿದೆ. ಸ್ಟೇಷನ್ನಿನ ಪಾರ್ಕಿಂಗನ್ನು ರೈಲ್ವೆ ಟೆಂಡರ್ ಕರೆದು ಗುತ್ತಿಗೆಗೆ ಕೊಡುತ್ತದೆ. ಗುತ್ತಿಗೆ ಹಿಡಿದವನು ರೈಲ್ವೆಗೆ ದುಡ್ಡು ಕಟ್ಟಲೇಬೇಕು, ಜಾಗ ತುಂಬಿದರೂ ಅಷ್ಟೇ, ಖಾಲಿ ಇದ್ದರೂ ಅಷ್ಟೇ. ಅಂದಮೇಲೆ ಒಂದೊಂದು ಅಡಿ ನೆಲದಿಂದಲೂ ಅವನು ದುಡ್ಡು ಎತ್ತಬೇಕು. ಬೈಕಿಗೆ 20 ರೂಪಾಯಿ, ಸೈಕಲ್ಲಿಗೆ 5 ಅಂತ ಸುಮ್ನೆ ಇಟ್ಟುಕೊಳ್ಳಿ. ಎರಡು ಬೈಕ್ ನಿಲ್ಲುವ ಕಡೆ ಮೂರು ಸೈಕಲ್ ಹಿಡಿದೀತು. 40 ಬರುವ ಜಾಗದಲ್ಲಿ 15. ನಾನೇ ಗುತ್ತಿಗೆದಾರನಾದರೂ ಸೈಕಲ್ ಕಂಡ ಕೂಡಲೇ ಆಚೆ ಕೈ ತೋರಿಸುತ್ತಿದ್ದೆ. ದರಪಟ್ಟಿಯ ಬೋರ್ಡಿನಲ್ಲಿ ಸೈಕಲ್ ಅಂತ ಒಂದು ಸಾಲು ಇರುತ್ತದೆ, ಅದನ್ನು ನಂಬಿ ಹೋದವರಿಗೆ ಜಾಗ ಇಲ್ಲ ಅನ್ನುತ್ತಾರೆ. ದರ ಹೇಳಿ ಜಾಗ ಹೇಳದಿದ್ದರೆ ಇನ್ನೇನಾಗುತ್ತದೆ? ಮದುವೆಗೆ ಕರೆದು ಎಲೆ ಹಾಕದ ಹಾಗೆ.

ಆದ್ದರಿಂದ ನನ್ನ ಮುಖ್ಯ ಬೇಡಿಕೆ ಇದು. ಗುತ್ತಿಗೆಗೆ ಕೊಡುವ ಮೊದಲೇ ಒಂದಿಷ್ಟು ನೆಲವನ್ನು ಸೈಕಲ್ಲಿಗೆ ಅಂತ ಗೆರೆ ಎಳೆದು ಆ ಲೆಕ್ಕದಿಂದಲೇ ಆಚೆ ಇಡಿ. ಅಲ್ಲಿ ಬೈಕ್ ನಿಲ್ಲಿಸಿದರೆ ಗುತ್ತಿಗೆದಾರನಿಗೆ ದಂಡ. ಟೆಂಡರಿನಲ್ಲಿ ಎರಡು ಸಾಲು ಜಾಸ್ತಿ ಬರೆದರೆ ಆಯಿತು. ಸೈಕಲ್ ಬಗ್ಗೆ ಪ್ರೀತಿ ಇರಲಿ ಅಂತ ಯಾರನ್ನೂ ಕೇಳುತ್ತಿಲ್ಲ. ಜಾಗೃತಿ ಜಾಥಾ ಬೇಡ, ಭಾನುವಾರ ಬೆಳಿಗ್ಗೆ ಟೀ ಶರ್ಟ್ ಕೊಟ್ಟು ಬಾವುಟ ಬೀಸುವುದು ಬೇಡ. ಜೂನ್ 3ಕ್ಕೆ ವಿಶ್ವ ಸೈಕಲ್ ದಿನ ಬರುತ್ತದೆ, 2018ರಲ್ಲಿ ವಿಶ್ವಸಂಸ್ಥೆ ಗೊತ್ತು ಮಾಡಿದ್ದು. ಅವತ್ತು ಸಾಹೇಬರು ಸೈಕಲ್ ತುಳಿಯುವ ಫೋಟೊ ನಿಮ್ಮ ಪತ್ರಿಕೆಯಲ್ಲೂ ಬರುತ್ತದೆ. ತುಳಿದ ಮೇಲೆ ಆ ಸೈಕಲ್ಲನ್ನು ಎಲ್ಲಿ ನಿಲ್ಲಿಸಿದರು ಅಂತ ಮುಂದಿನ ಸಲ ನಿಮ್ಮ ವರದಿಗಾರರು ಕೇಳಲಿ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಸೈಕಲ್ ಅಂದ ಕೂಡಲೇ ಅಧಿಕಾರಿಗಳ ಕಣ್ಣ ಮುಂದೆ ಬರುವುದು ಹೆಲ್ಮೆಟ್, ಬಿಗಿ ಚಡ್ಡಿ ಹಾಕಿಕೊಂಡು ನಂದಿ ಬೆಟ್ಟಕ್ಕೆ ಹೋಗುವವರು. ಅವರ ಬಗ್ಗೆ ನನಗೆ ಹೊಟ್ಟೆಕಿಚ್ಚು ಬಿಟ್ಟರೆ ಬೇರೆ ತಕರಾರಿಲ್ಲ. ಆದರೆ ಅವರು ರೈಲ್ವೆ ಸ್ಟೇಷನ್ನಿಗೆ ಸೈಕಲ್ ತರುವವರಲ್ಲ. ತರುವವರು ಬೇರೆ. ನನ್ನ ಜೊತೆ ಸಂಜೆ ಪ್ಲಾಟ್‌ಫಾರಂನಲ್ಲಿ ಎದುರಾಗುವ ಟೈಲ್ಸ್ ಕೆಲಸದವರೊಬ್ಬರು ಇದ್ದಾರೆ. ನಾನು ಇಳಿಯುವ ಹೊತ್ತಿಗೆ ಅವರು ಊರಿಗೆ ಹತ್ತುತ್ತಾರೆ. ಅವರದ್ದು ನನ್ನ ಉಲ್ಟಾ ಲೆಕ್ಕ. ಮದ್ದೂರು ಕಡೆಯ ಊರಿಂದ ಬೆಳಿಗ್ಗೆ ರೈಲಿನಲ್ಲಿ ಬರುತ್ತಾರೆ, ಬೆಂಗಳೂರಿನಲ್ಲಿ ಇಳಿದ ಮೇಲೆ ಕೆಲಸದ ಜಾಗಕ್ಕೆ ಸೈಕಲ್. ಅಂದರೆ ಅವರ ಸೈಕಲ್ ರಾತ್ರಿ ಹೊತ್ತು ಸ್ಟೇಷನ್ನಿನಲ್ಲಿ ಮಲಗಬೇಕು, ಹಗಲು ಊರು ಸುತ್ತಬೇಕು. ಭಾನುವಾರ ಪೂರ್ತಿ ಅಲ್ಲೇ. ಗಂಟೆ ಲೆಕ್ಕದ ಪಾರ್ಕಿಂಗಿನಲ್ಲಿ ಇಂಥವರಿಗೆ ಏನು ದರ? ತಿಂಗಳ ಕೊನೆಗೆ ಕೂಡಿದರೆ ಸೈಕಲ್ಲಿಗಿಂತ ಅದನ್ನು ನಿಲ್ಲಿಸಿದ ದುಡ್ಡೇ ಭಾರ. ಅವರೂ ಒಂದು ಹೋಟೆಲಿನ ಹಿತ್ತಲಲ್ಲಿ ಹೇಗೋ ಹೊಂದಿಸಿಕೊಂಡಿದ್ದಾರೆ. ಚಾಮುಂಡಿ ಎಕ್ಸ್‌ಪ್ರೆಸ್ಸಿನಲ್ಲೋ ಬೆಳಗಿನ ಮೆಮು ಲೋಕಲ್ ರೈಲುಗಳಲ್ಲೋ ಮಂಡ್ಯ, ರಾಮನಗರ, ತುಮಕೂರು, ಬಂಗಾರಪೇಟೆ ಕಡೆಯಿಂದ ದಿನಾ ಬಂದು ಹೋಗುವವರನ್ನು ಕೇಳಿ ನೋಡಿ, ರೈಲು ಇಳಿದ ಮೇಲಿನ ಮೂರು ನಾಲ್ಕು ಕಿಲೋಮೀಟರಿನ ಕಷ್ಟವನ್ನು ಒಬ್ಬೊಬ್ಬರೂ ಒಂದೊಂದು ಥರ ಹೇಳುತ್ತಾರೆ.

ಅದಕ್ಕೇ ರೈಲಿನ ತಿಂಗಳ ಪಾಸು ತೋರಿಸಿದವರಿಗೆ ಸೈಕಲ್ಲಿಗೂ ಒಂದು ತಿಂಗಳ ಪಾಸು ಕೊಡಲಿ. ಪಾಸಿನ ಜೊತೆಯಲ್ಲೇ, ಅದೇ ಕೌಂಟರಿನಲ್ಲಿ. ಪುಕ್ಕಟೆ ಬೇಕು ಅಂತ ಹಟ ಇಲ್ಲ.

ನನ್ನ ತಂಗಿಯ ಮಗ ನೆದರ್ಲೆಂಡ್ಸ್‌ನಲ್ಲಿ ಕೆಲಸದಲ್ಲಿದ್ದಾನೆ. ಸೀಟಿನ ವಿಡಿಯೊ ನೋಡಿ ಹೊಟ್ಟೆ ತುಂಬ ನಕ್ಕು, ಅವನ ಕಡೆಯಿಂದ ಯೂಟ್ರೆಕ್ಟ್ ಸ್ಟೇಷನ್ನಿನ ಒಂದು ವಿಡಿಯೊ ಕಳಿಸಿದ. ಸ್ಟೇಷನ್ ಎದುರಿನ ಚೌಕದ ಕೆಳಗೆ ಮೂರು ಮಹಡಿ, 12,500 ಸೈಕಲ್ಲಿಗೆ ಜಾಗ, 2019ರಲ್ಲಿ ಪೂರ್ತಿ ಆಯಿತು. ಸೈಕಲ್ ಇಳಿಯದೆ ತುಳಿದುಕೊಂಡೇ ಒಳಗೆ ಹೋಗಬಹುದು. ಯಾವ ಸಾಲಿನಲ್ಲಿ ಎಷ್ಟು ಖಾಲಿ ಅಂತ ದೀಪದ ಬೋರ್ಡು ತೋರಿಸುತ್ತದೆ. ಮೊದಲ 24 ಗಂಟೆ ದುಡ್ಡಿಲ್ಲ. ಅಲ್ಲಿಂದ ಮೆಟ್ಟಿಲು ಹತ್ತಿದರೆ ಪ್ಲಾಟ್‌ಫಾರಂ. ನಾನು ಆ ವಿಡಿಯೊವನ್ನು ರೈಲಿನಲ್ಲಿ ಪಕ್ಕದವರಿಗೆ ತೋರಿಸಿದೆ. ಅವರು "ಅವರದ್ದು ಬಿಡಿ ಸಾರ್, ಅವರು ಶಿಸ್ತಿನ ಜನ" ಅಂದರು.

ಈ ಮಾತು ನನಗೆ ಆಗುವುದಿಲ್ಲ. ಶಿಸ್ತಿನ ಜನ ಅನ್ನುವುದು ಒಂದು ನೆಪ. ಜಪಾನಿನಲ್ಲಿ 1970ರ ದಶಕದಲ್ಲಿ ಸ್ಟೇಷನ್ ಮುಂದೆ ಸೈಕಲ್ ರಾಶಿ ಬಿದ್ದು ನಡೆದಾಡಲು ಜಾಗ ಇರಲಿಲ್ಲ. ಸೈಕಲ್ ಮಾಲಿನ್ಯ ಅಂತಲೇ ಅದಕ್ಕೊಂದು ಹೆಸರಿಟ್ಟಿದ್ದರು. 1980ರಲ್ಲಿ ಕಾನೂನು ತಂದರು. ನಿಲ್ಲಿಸಲು ಜಾಗ ಕಟ್ಟಿದರು, ಅದರ ಜೊತೆಗೆ ಎಲ್ಲೆಂದರಲ್ಲಿ ಬಿಟ್ಟುಹೋದ ಸೈಕಲ್ಲನ್ನು ಎತ್ತಿಕೊಂಡು ಹೋಗುವ ವ್ಯವಸ್ಥೆಯನ್ನೂ ಮಾಡಿದರು. ಬೇಕಾದವರು ದಂಡ ಕಟ್ಟಿ ಬಿಡಿಸಿಕೊಳ್ಳಬೇಕು. ಟೋಕಿಯೊದ ಕಸಾಯ್ ಸ್ಟೇಷನ್ನಿನಲ್ಲಿ ನೆಲದೊಳಗೆ ಬಾವಿಯ ಹಾಗೆ ಉರುಟಾದ ಗೋಪುರಗಳಿವೆ. ಮೇಲಿನ ಬಾಗಿಲಲ್ಲಿ ಸೈಕಲ್ ಇಟ್ಟು ಗುಂಡಿ ಒತ್ತಿದರೆ ಯಂತ್ರ ಒಳಗೆ ಎಳೆದುಕೊಳ್ಳುತ್ತದೆ. ಅದನ್ನು ನೋಡಿ ನಮ್ಮವರು ಯಾರಾದರೂ ನಮಗೂ ಅದೇ ಬೇಕು, ಸಾವಿರ ಕೋಟಿ ಅಂತ ಯೋಜನೆ ಮಾಡಿಬಿಟ್ಟಾರು ಅಂತ ಭಯ. ದಯವಿಟ್ಟು ಬೇಡ. ನಮಗೆ ಬೇಕಾಗಿರುವುದು ಬಗ್ಗಿಸಿದ ಕಬ್ಬಿಣದ ಪೈಪು.

ಪೈಪಿನ ವಿಷಯದಲ್ಲಿ ಮಾತ್ರ ನನ್ನದೊಂದು ಹಟ ಇದೆ, ಸಹಿಸಿಕೊಳ್ಳಿ. ಸೈಕಲ್ ಸ್ಟ್ಯಾಂಡ್ ಅಂದರೆ ನಮ್ಮಲ್ಲಿ ಮುಂದಿನ ಚಕ್ರವನ್ನು ಮಾತ್ರ ಸಿಕ್ಕಿಸುವ ಕಂಬಿಗಳನ್ನು ನೆಡುತ್ತಾರೆ. ಪಕ್ಕದವನು ಸ್ವಲ್ಪ ತಳ್ಳಿದರೆ ಚಕ್ರ ಬೆಂಡು, ಬೀಗ ಹಾಕಿದರೂ ಚಕ್ರಕ್ಕಷ್ಟೇ ಬೀಗ, ಕಳ್ಳ ಚಕ್ರ ಅಲ್ಲೇ ಬಿಟ್ಟು ಉಳಿದಿದ್ದೆಲ್ಲ ತೆಗೆದುಕೊಂಡು ಹೋಗಬಹುದು. ಅದರ ಬದಲು ಕುದುರೆ ಲಾಳವನ್ನು ಬೋರಲು ನೆಟ್ಟ ಹಾಗೆ ಸೊಂಟದೆತ್ತರದ ಒಂದು ಪೈಪು. ಅದರ ಎರಡೂ ಬದಿಗೆ ಒಂದೊಂದು ಸೈಕಲ್ ಒರಗಿಸಿ ಫ್ರೇಮು, ಚಕ್ರ ಎರಡನ್ನೂ ಸೇರಿಸಿ ಚೈನು ಹಾಕಬಹುದು. ಅದರಲ್ಲಿ ಯಾವ ತಂತ್ರಜ್ಞಾನವೂ ಇಲ್ಲ, ನಮ್ಮ ಬೀದಿಯ ವೆಲ್ಡಿಂಗ್ ಅಂಗಡಿಯವರು ಕಾಫಿ ಕುಡಿಯುತ್ತ ಮಾಡಿಕೊಡುತ್ತಾರೆ. ಮೇಲೊಂದು ಶೀಟು, ರಾತ್ರಿಗೊಂದು ದೀಪ. ಜಾಗ ಗೇಟಿನ ಹತ್ತಿರವೇ ಇರಬೇಕು, ಬೂತಿನವರ ಕಣ್ಣಿಗೆ ಬೀಳುವ ಹಾಗೆ. ಸೈಕಲ್ ತಾನೇ ಅಂತ ಪಾರ್ಕಿಂಗಿನ ಕಟ್ಟಕಡೆಯ ಕತ್ತಲ ಮೂಲೆ, ಜನ ಮೂತ್ರ ಮಾಡುವ ಗೋಡೆ ಪಕ್ಕ ಕೊಟ್ಟರೆ ಯಾರೂ ಬರುವುದಿಲ್ಲ. ಆಮೇಲೆ "ನೋಡಿ, ಜಾಗ ಕೊಟ್ಟೆವು, ಸೈಕಲ್ಲೇ ಬರಲಿಲ್ಲ" ಅಂತ ಕಿತ್ತು ಹಾಕುತ್ತಾರೆ.

ಮಡಚುವ ಸೈಕಲ್ ತಗೊಳ್ಳಿ, ರೈಲಿಗೇ ತನ್ನಿ ಅಂತ ಆಫೀಸಿನಲ್ಲಿ ಒಬ್ಬರು ಉಪದೇಶ ಮಾಡಿದರು. ನಮ್ಮ ಮೆಟ್ರೊದಲ್ಲಿ 2022ರಿಂದ ಬಿಡುತ್ತಾರೆ, ನಿಜ. ಮಡಚಿದ ಮೇಲೆ 60, 45, 25 ಸೆಂ.ಮೀ. ಒಳಗಿರಬೇಕು, ತೂಕ 15 ಕೆ.ಜಿ. ಮೀರಬಾರದು ಅಂತ ನಿಯಮ. ಒಳ್ಳೆಯದೇ. ಆದರೆ ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಮಡಚುವ ಸೈಕಲ್ಲಿನ ಚಕ್ರ 20 ಇಂಚು, ಅಂದರೆ ಚಕ್ರವೊಂದೇ 50 ಸೆಂ.ಮೀ. ದಾಟುತ್ತದೆ. ಅದನ್ನು 45ರ ಒಳಗೆ ಕೂರಿಸಲು ಚಕ್ರವನ್ನೂ ಮಡಚಬೇಕು. ಅಲ್ಲದೆ ಬೆಳಗಿನ ಮೆಮುವಿನಲ್ಲಿ ಬೆಂಗಳೂರಿಗೆ ಬರುವ ಕಡೆ ಮನುಷ್ಯರೇ ಮಡಚಿಕೊಂಡು ನಿಂತಿರುತ್ತಾರೆ, ಸೈಕಲ್ ಎಲ್ಲಿಗೆ? ಹೀಗಾಗಿ ಜಾಗ ಬೇಕಾಗಿರುವುದು ಸ್ಟೇಷನ್ನಿನಲ್ಲೇ.

ಇಳಿದ ಊರಿನಲ್ಲಿ ಬಾಡಿಗೆ ಸೈಕಲ್ ಸಿಕ್ಕರೆ ಟೈಲ್ಸ್ ಕೆಲಸದವರಂಥವರ ಅರ್ಧ ಕಷ್ಟ ಮುಗಿಯುತ್ತದೆ. ಇದಕ್ಕೆ ಯೂಟ್ರೆಕ್ಟಿಗೆ ಹೋಗಬೇಕಾಗಿಲ್ಲ, ಮೈಸೂರಿಗೆ ಹೋದರೆ ಸಾಕು. 2017ರ ಜೂನಿನಲ್ಲಿ ಅಲ್ಲಿ ಟ್ರಿಣ್ ಟ್ರಿಣ್ ಶುರುವಾಯಿತು, 450 ಸೈಕಲ್, ಊರಿನ ತುಂಬ ನಿಲ್ದಾಣಗಳು, ಒಂದು ಕಡೆ ತೆಗೆದು ಇನ್ನೊಂದು ಕಡೆ ಬಿಡಬಹುದು. ನಾನೂ ಒಂದು ಭಾನುವಾರ ತುಳಿದಿದ್ದೇನೆ. ಮೈಸೂರಿನ ರಸ್ತೆ ಸಮತಟ್ಟು, ಗಿಡ ಮರ ಇದೆ, ಬೆಂಗಳೂರಿಗೆ ಅದು ಹೊಂದುವುದಿಲ್ಲ ಅಂತ ಹೇಳುವವರಿದ್ದಾರೆ. ಹೊಂದುವುದಿಲ್ಲ ಅಂತ ಅವರು ಕಾರಿನಲ್ಲಿ ಕೂತು ಹೇಳುತ್ತಾರೆ.

ಇದನ್ನೆಲ್ಲ ಈಗಲೇ ಬರೆಯಲು ಅವಸರ ಯಾಕೆ ಅಂದರೆ, ನಮ್ಮ ಸ್ಟೇಷನ್ನುಗಳು ಈಗ ಮತ್ತೆ ಕಟ್ಟಿಸಿಕೊಳ್ಳುತ್ತಿವೆ. 2022ರ ಜೂನ್ 20ರಂದು ಪ್ರಧಾನಿ ಬೆಂಗಳೂರಿಗೆ ಬಂದಾಗ ಒಂದೇ ದಿನ ಉಪನಗರ ರೈಲಿಗೆ ಶಂಕುಸ್ಥಾಪನೆ ಆಯಿತು, ಕಂಟೋನ್ಮೆಂಟ್ ಮತ್ತು ಯಶವಂತಪುರ ಸ್ಟೇಷನ್‌ಗಳ ಮರುನಿರ್ಮಾಣಕ್ಕೂ ಆಯಿತು. ಉಪನಗರ ರೈಲು ಅಂದರೆ ನಾಲ್ಕು ಮಾರ್ಗ, 148 ಕಿ.ಮೀ. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಅಂತ ಚಂದದ ಹೆಸರುಗಳು. ನಮ್ಮ ಹೂವಿನ ಅಕ್ಕನಿಗೆ ಹೇಳಿದಾಗ ಅವರು ಸೇವಂತಿಗೆ ಯಾಕೆ ಬಿಟ್ಟರು ಅಂತ ಕೇಳಿದರು. ಮನೆಯಿಂದ ಎರಡು ಮೂರು ಕಿಲೋಮೀಟರ್ ದೂರದಲ್ಲಿ ಹತ್ತಿ, ಹತ್ತು ಹದಿನೈದು ಕಿಲೋಮೀಟರ್ ಹೋಗಿ ಇಳಿಯುವ ರೈಲು ಇದು. ಸೈಕಲ್ಲಿಗೆ ಇದಕ್ಕಿಂತ ಒಳ್ಳೆಯ ಜೋಡಿ ಸಿಗುವುದಿಲ್ಲ. ಈ ಸ್ಟೇಷನ್ನುಗಳ ನಕ್ಷೆ ಇನ್ನೂ ಕಾಗದದಲ್ಲಿರುವಾಗಲೇ ಸೈಕಲ್ಲಿಗೆ ಎಷ್ಟು ಜಾಗ ಅಂತ ಅಂಕಿ ಬರೆಯಲಿ. ದ್ವಿಚಕ್ರ ಅಂತ ಬೇಡ, ಸೈಕಲ್ ಅಂತಲೇ ಬರೆಯಲಿ. ಕಾಂಕ್ರೀಟ್ ಬಿದ್ದ ಮೇಲೆ ನೆನಪಾದರೆ ಮತ್ತೆ ಆ ಮೂತ್ರದ ಗೋಡೆಯೇ ಗತಿ.

ಹಳೆಯ ಸ್ಟೇಷನ್ನುಗಳಲ್ಲಿ ಜಾಗ ಎಲ್ಲಿದೆ ಅಂತ ಕೇಳುತ್ತಾರೆ, ಕೇಳಿಯೇ ಕೇಳುತ್ತಾರೆ. ಮೆಜೆಸ್ಟಿಕ್ಕಿನಲ್ಲಿ ಬಸ್ಸು, ಮೆಟ್ರೊ, ರೈಲು ಮೂರೂ ಒಂದೇ ಕಡೆ ಸೇರಿ ಕಾಲಿಡಲು ಜಾಗ ಇಲ್ಲ ಅನ್ನುವುದು ನನಗೂ ಕಾಣುತ್ತದೆ. ಆದರೆ ನನ್ನ ಸ್ಟೇಷನ್ನಿನಲ್ಲಿ ನಾನೇ ಹುಡುಕಿದ್ದೇನೆ. ಪಾರ್ಕಿಂಗ್ ಬೂತಿನ ಎಡಕ್ಕೆ, ಹಳೆಯ ನೀರಿನ ತೊಟ್ಟಿಗೂ ಕಾಂಪೌಂಡಿಗೂ ನಡುವೆ ಒಂದು ಪಟ್ಟಿ ಇದೆ. ಮುರಿದ ಬ್ಯಾರಿಕೇಡ್, ಹಳೆಯ ಬ್ಯಾನರ್ ಕಟ್ಟುಗಳನ್ನು ಎಸೆದಿದ್ದಾರೆ, ಬೈಕ್ ತಿರುಗಿಸಲು ಆಗುವುದಿಲ್ಲ ಅಂತ ಗುತ್ತಿಗೆದಾರರಿಗೂ ಅದು ಬೇಡ. ಮೊನ್ನೆ ಶನಿವಾರ ಹೆಜ್ಜೆ ಹಾಕಿ ಅಳೆದೆ. ಉದ್ದ 24 ಅಡಿ, ಅಗಲ 7 ಅಡಿ. ಮೂರು ಅಡಿಗೊಂದು ಲಾಳ ನೆಟ್ಟರೆ 8 ಲಾಳ, 16 ಸೈಕಲ್. ಒಂದು ದೊಡ್ಡ ಕಾರು ನಾಲ್ಕೂ ಬಾಗಿಲು ತೆಗೆದು ನಿಲ್ಲುವಷ್ಟು ಜಾಗ, ಜಾಸ್ತಿ ಏನಿಲ್ಲ. ಅಳೆಯುವಾಗ ಆ ಮಂಕಿ ಕ್ಯಾಪಿನ ಹುಡುಗ ಬಂದು ಏನ್ ಸಾರ್ ಸೈಟ್ ತಗೊಂಡ್ರಾ ಅಂದ. ವಿಷಯ ಹೇಳಿದೆ. ಅವನು ಸ್ವಲ್ಪ ಹೊತ್ತು ನೋಡಿ, ತನ್ನದೂ ಒಂದು ಸೈಕಲ್ ಇದೆ, ಇಲ್ಲಿ ನಿಲ್ಲಿಸಲು ಜಾಗ ಇಲ್ಲ ಅಂತ ರೂಮಿನಲ್ಲೇ ಬಿಟ್ಟು ನಡೆದು ಬರುತ್ತೇನೆ ಅಂದ.

ಹೂವಿನ ಅಕ್ಕ ಮುಂದಿನ ವಾರ ಮಗಳ ಬಾಣಂತನಕ್ಕೆ ಊರಿಗೆ ಹೋಗುತ್ತಾರಂತೆ, ಮೂರು ತಿಂಗಳು ಅಂಗಡಿ ಇರುವುದಿಲ್ಲ. ಸಂಬಂಧಪಟ್ಟ ಅಧಿಕಾರಿಗಳಲ್ಲಿ ಯಾರಾದರೂ ಇದನ್ನು ಓದಿದರೆ ಒಂದು ದಿನ ಬೆಳಿಗ್ಗೆ ಆರಕ್ಕೆ ಬನ್ನಿ. ಎಲ್ಲಿಗೆ ಅಂತ ಪತ್ರಿಕೆಯವರ ಹತ್ತಿರ ನನ್ನ ನಂಬರ್ ಕೇಳಿದರೆ ಹೇಳುತ್ತೇನೆ. ಹೆಜ್ಜೆ ಲೆಕ್ಕದಲ್ಲಿ ಅರ್ಧ ಅಡಿ ಹೆಚ್ಚು ಕಮ್ಮಿ ಇರಬಹುದು, ಸರಿಯಾಗಿ ಅಳೆದುಬಿಡೋಣ. ಟೇಪು ನಾನೇ ತರುತ್ತೇನೆ.

ಇತಿ,
ಚನ್ನಪಟ್ಟಣಕ್ಕೆ ದಿನಾ ಹೋಗಿ ಬರುವ ಒಬ್ಬ ಪಾಸಿನವನು
ಬೆಂಗಳೂರು